ಹೆಸರು, ತಾರೀಖು, ಬಾಣದ ಗುರುತು

ಶುಕ್ರವಾರ: ಬ್ರಿಟ್, ಅಯೋವಾ

ಮಿನಿಯಾಪೊಲಿಸ್‌ನಿಂದ ದಕ್ಷಿಣಕ್ಕೆ ಎರಡೂವರೆ ತಾಸಿನ ದಾರಿ. ಬ್ರಿಟ್ ಎರಡು ಸಾವಿರದಷ್ಟು ಜನರಿರುವ ಊರು. ಸುತ್ತ ಆಳೆತ್ತರದ ಮೆಕ್ಕೆಜೋಳ, ಅದು ಮುಗಿದಲ್ಲಿ ಸೋಯಾ. ಊರ ನಡುವೆ ಧಾನ್ಯ ತುಂಬಿಡುವ ದೊಡ್ಡ ಕಣಜಗಳು, ಪಕ್ಕದಲ್ಲೇ ರೈಲು ಹಳಿ. ಇಂಥ ಊರುಗಳು ಅಯೋವಾದ ತುಂಬ ಇವೆ. ಆದರೆ 1900ರಲ್ಲಿ ಇಲ್ಲಿನವರು ಹೋಬೋಗಳನ್ನು, ಅಂದರೆ ಗೂಡ್ಸ್ ಗಾಡಿ ಹತ್ತಿ ಕೆಲಸ ಹುಡುಕುತ್ತ ಅಲೆಯುವವರನ್ನು, ಕರೆಸಿ ಒಂದು ಸಮ್ಮೇಳನ ನಡೆಸಿದರು. ಈಗಲೂ ಆಗಸ್ಟ್ ಎರಡನೇ ವಾರಾಂತ್ಯದಲ್ಲಿ ಅದು ನಡೆಯುತ್ತದೆ. ನಾವು ಹೊರಟಿದ್ದು ಅದಕ್ಕೇ.

ನನ್ನ ಜೊತೆ ಅಪ್ಪ. ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾರ್ಡ್ ಆಗಿ ನಿವೃತ್ತರಾದವರು. ಬೇಸಿಗೆಗೆಂದು ನಮ್ಮಲ್ಲಿಗೆ ಬಂದಿದ್ದರು. ಮಾಲ್, ಜಲಪಾತ, ದೇವಸ್ಥಾನ ಎಲ್ಲ ತೋರಿಸಿ ಆಗಿತ್ತು. ಗೂಡ್ಸ್ ಗಾಡಿ ಹತ್ತಿ ದೇಶ ಸುತ್ತಿದವರ ಗುರುತುಗಳನ್ನು ನೋಡಿ ಬರೋಣ ಎಂದಾಗ ಮಾತ್ರ ಅವರೇ ಮುಂದಾಗಿ ಚೀಲ ತುಂಬಿಕೊಂಡರು.

ಹೋಬೋ ಎಂದರೆ ಭಿಕ್ಷುಕ ಎಂದು ಹಲವರ ತಿಳಿವಳಿಕೆ. ಬ್ರಿಟ್‌ನಲ್ಲಿ ಹಾಗಂದರೆ ಯಾರಾದರೂ ತಕ್ಷಣ ತಿದ್ದುತ್ತಾರೆ. ಕೆಲಸ ಹುಡುಕಿಕೊಂಡು ಅಲೆಯುವವನು ಹೋಬೋ, ಕೆಲಸ ಮಾಡದೆ ಅಲೆಯುವವನು ಟ್ರ್ಯಾಂಪ್, ಅಲೆಯದೆ, ಕೆಲಸವನ್ನೂ ಮಾಡದೆ ಕೂತವನು ಬಮ್. ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಆಮೇಲೆ ಹಳಿಗಳು ಪಶ್ಚಿಮಕ್ಕೆ ಹರಡಿದಂತೆ ಗೋಧಿ ಕೊಯ್ಲು, ಹಣ್ಣು ಕೀಳುವುದು, ಮರ ಕಡಿಯುವುದು, ಹಳಿ ಹಾಕುವುದು, ಹೀಗೆ ಹಂಗಾಮಿನ ಕೂಲಿ ದೇಶದ ಉದ್ದಗಲಕ್ಕೂ ಹಬ್ಬಿತು. ಕೂಲಿಗೆ ಆಳು ಬೇಕಿತ್ತು, ಆಳಿನ ಹತ್ತಿರ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಅವರು ಗೂಡ್ಸ್ ಗಾಡಿ ಹತ್ತಿದರು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಹದಿಹರೆಯದ ಹುಡುಗರೂ ಸೇರಿ ಲಕ್ಷಗಟ್ಟಲೆ ಜನ ಹೀಗೆ ಹಳಿಯ ಪಾಲಾದರು.

ಬೆಳಿಗ್ಗೆ ಎವರ್‌ಗ್ರೀನ್ ಸ್ಮಶಾನದಲ್ಲಿ ಹೋಬೋಗಳಿಗೆಂದೇ ಬಿಟ್ಟ ಜಾಗಕ್ಕೆ ಹೋದೆವು. ತೀರಿಕೊಂಡವರ ಹೆಸರನ್ನು ಕೂಗಿ ಹೇಳುತ್ತಾರೆ. ಅವರು ಸತ್ತರು ಎನ್ನುವುದಿಲ್ಲ, ಪಶ್ಚಿಮದ ಗಾಡಿ ಹತ್ತಿದರು ಎನ್ನುತ್ತಾರೆ. ಹೆಸರೂ ಮನೆಯವರು ಇಟ್ಟದ್ದಲ್ಲ, ಹಳಿಯ ಮೇಲೆ ಬಂದದ್ದು. ಕಲ್ಲಿನ ಮೇಲೂ ಅದೇ ಹೆಸರು.

ಮಧ್ಯಾಹ್ನ ಹೋಬೋ ಮ್ಯೂಸಿಯಂ. ಹಳೆಯ ಚೀಫ್ ಸಿನಿಮಾ ಥಿಯೇಟರನ್ನೇ ಮ್ಯೂಸಿಯಂ ಮಾಡಿದ್ದಾರೆ. ಊರುಗೋಲುಗಳು, ಗಂಟುಮೂಟೆ, ಮಸಿ ಹಿಡಿದ ತಗಡಿನ ಡಬ್ಬಿಗಳು, ಫೋಟೋಗಳು. ಜೊತೆಗೆ ಎಲ್ಲರೂ ಮೊಬೈಲ್ ಎತ್ತುವ ಆ ಸಂಕೇತಗಳು. ಬೆಕ್ಕಿನ ಚಿತ್ರ ಇದ್ದರೆ ಈ ಮನೆಯ ಹೆಂಗಸು ದಯಾವಂತೆ. ಶಿಲುಬೆ ಇದ್ದರೆ ದೇವರ ಮಾತು ಕೇಳಿಸಿಕೊಂಡರೆ ಊಟ ಸಿಗುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡ ಎರಡು ಬಳೆ ಬೇಡಿಯ ಗುರುತು: ಇಲ್ಲಿ ಹೋಬೋಗಳನ್ನು ಹಿಡಿದು ಜೈಲಿಗೆ ಹಾಕುತ್ತಾರೆ. ವೃತ್ತದಿಂದ ಹೊರಟ ಎರಡು ಬಾಣ ಇದ್ದರೆ ಬೇಗ ಜಾಗ ಬಿಡು. ಕೈ ಎತ್ತಿ ನಿಂತ ತ್ರಿಕೋನ ಇದ್ದರೆ ಮನೆಯವನ ಹತ್ತಿರ ಬಂದೂಕು ಇದೆ.

ಅಪ್ಪ ಒಂದೊಂದನ್ನೂ ಬೆರಳಲ್ಲಿ ಗಾಳಿಯಲ್ಲೇ ಬರೆದು ನೋಡಿದರು. "ಇಷ್ಟೆಲ್ಲಾ ನೆನಪಿಟ್ಟುಕೊಳ್ಳಾಕ ಅವರಿಗೆ ಯಾರು ಕಲಿಸಿರಬೇಕೋ?" ಎಂದರು.

ಕೇಳಬೇಕಾದ ಪ್ರಶ್ನೆಯೇ ಅದು. ಈ ಸಂಕೇತಗಳನ್ನು ಜನರಿಗೆ ಪರಿಚಯಿಸಿದವರಲ್ಲಿ ಮುಖ್ಯನಾದವನು ಲಿಯಾನ್ ರೇ ಲಿವಿಂಗ್‌ಸ್ಟನ್ (1872–1944). ಹಳಿಯ ಮೇಲಿನ ಅವನ ಹೆಸರು 'ಎ ನಂ. 1'. ಅಲೆಮಾರಿ ಬದುಕಿನ ಕುರಿತು ಪುಸ್ತಕಗಳನ್ನು ತಾನೇ ಬರೆದು ಮಾರಿದ. ಮನೆ ಬಿಟ್ಟು ಹೋಗಬೇಡಿ ಎಂದು ಹುಡುಗರಿಗೆ ಬುದ್ಧಿಯನ್ನೂ ಹೇಳಿದ. ಪತ್ರಿಕೆಗಳಿಗೆ ಗುಟ್ಟಿನ ಲಿಪಿ ಎಂದರೆ ಇಷ್ಟ, ಓದುಗರಿಗೆ ಇನ್ನೂ ಇಷ್ಟ. ಯುರೋಪಿನಲ್ಲಿ ಅಲೆಮಾರಿಗಳು, ಕಳ್ಳರು ಗೋಡೆಗಳ ಮೇಲೆ ಗುರುತು ಬಿಡುವ ಪದ್ಧತಿ ಬಹಳ ಹಳೆಯದು, ಜರ್ಮನರು ಅದನ್ನು ತ್ಸಿಂಕೆನ್ ಎನ್ನುತ್ತಾರೆ. ಅಮೆರಿಕದಲ್ಲೂ ಒಂದಷ್ಟು ಗುರುತುಗಳು ಬಳಕೆಯಲ್ಲಿ ಇದ್ದಿರಬಹುದು. ಆದರೆ ನಿಜವಾದ ಬೇಲಿಯ ಕಂಬದ ಮೇಲೆ, ನಿಜವಾದ ಹೋಬೋ ಬರೆದ ಬೆಕ್ಕಿನ ಫೋಟೋ ಎಂದು ನಂಬುವಂಥದ್ದು ಸಿಗುವುದೇ ಕಷ್ಟ. ಪುಸ್ತಕದಿಂದ ಪುಸ್ತಕಕ್ಕೆ, ಪೋಸ್ಟರಿನಿಂದ ಟೀ ಶರ್ಟಿಗೆ ಹಾರಿ ಬಂದ ಚಿತ್ರಗಳೇ ಹೆಚ್ಚು. ಸೀಮೆಸುಣ್ಣ, ಇದ್ದಿಲು ಮಳೆಗೆ ಅಳಿಯುತ್ತವೆ, ಒಪ್ಪೋಣ. ಹಾಗಿದ್ದರೂ ಅದೇ ಇದ್ದಿಲಿನಲ್ಲಿ ಬರೆದ ಬೇರೆ ಒಂದು ಬಗೆಯ ಗುರುತು ಉಳಿದುಕೊಂಡಿದೆಯಲ್ಲ.

ಆ ಬೇರೆ ಬಗೆಯ ವಿಷಯ ತಿಳಿಸಿದವರು ಸಂಜೆ ಜಂಗಲ್‌ನಲ್ಲಿ ಸಿಕ್ಕ ಒಬ್ಬ ಹಿರಿಯರು. ಹಳಿಯ ಪಕ್ಕದ ಹೋಬೋ ಬಿಡಾರಕ್ಕೆ ಜಂಗಲ್ ಎಂದೇ ಹೆಸರು, ಬ್ರಿಟ್‌ನಲ್ಲಿ ಅದಕ್ಕಾಗಿ ಖಾಯಂ ಜಾಗ ಬಿಟ್ಟಿದ್ದಾರೆ. ಬೆಂಕಿ ಉರಿಯುತ್ತಿತ್ತು. ಎಪ್ಪತ್ತರ ದಶಕದಲ್ಲಿ ಗೂಡ್ಸ್ ಹತ್ತಲು ಶುರು ಮಾಡಿದವರಂತೆ. ಬೆಕ್ಕಿನ ಚಿತ್ರ ನೋಡಿದ್ದೀರಾ ಎಂದು ಕೇಳಿದೆ. "ಮ್ಯೂಸಿಯಂನಲ್ಲಿ ನೋಡಿದ್ದೇನೆ. ಸೇತುವೆಗಳ ಕೆಳಗೆ ನಾನು ನೋಡಿದ್ದೆಲ್ಲ ಹೆಸರು. ಹೆಸರು, ತಾರೀಖು, ಹೊರಟ ದಿಕ್ಕಿಗೆ ಒಂದು ಬಾಣ."

ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿಯೇ ತಿಳಿಯುತ್ತದೆ. ಅವರು ನನ್ನ ಕಡೆ ತಿರುಗಿ, "ಹೌದಲ್ಲೋ, ಮತ್ತೇನ್ ಬೇಕು? ಯಾರು, ಯಾವಾಗ, ಎತ್ಲಾಗ. ಗಾರ್ಡ್ ಬುಕ್ಕಿನ್ಯಾಗ ನಾವೂ ಅದನ್ನ ಬರೀತಿದ್ವಿ" ಎಂದರು.

ಶನಿವಾರ: ಬ್ರಿಟ್

ಮೆರವಣಿಗೆ, ದೊಡ್ಡ ಕಡಾಯಿಗಳಲ್ಲಿ ಮಲ್ಲಿಗನ್ ಸ್ಟ್ಯೂ, ಸಂಜೆಯೊಳಗೆ ಹೋಬೋ ರಾಜ ರಾಣಿಯರ ಆಯ್ಕೆ. ಜನರ ಚಪ್ಪಾಳೆ ಯಾರಿಗೆ ಜೋರೋ ಅವರಿಗೆ ಕಿರೀಟ. ಮಲ್ಲಿಗನ್ ಎಂದರೆ ಒಬ್ಬ ಆಲೂಗೆಡ್ಡೆ, ಒಬ್ಬ ಈರುಳ್ಳಿ, ಒಬ್ಬ ಮಾಂಸದ ತುಂಡು ತಂದು ಒಂದೇ ಪಾತ್ರೆಗೆ ಹಾಕುವ ಬಿಡಾರದ ಅಡುಗೆ. ಅಪ್ಪ ಸಸ್ಯಾಹಾರಿ, ಬ್ರೆಡ್ಡು ಮತ್ತು ಜೋಳದ ತೆನೆಯಲ್ಲಿ ಊಟ ಮುಗಿಸಿದರು. ಬಿಸಿಲು ಬಲವಾಗಿತ್ತು.

ಭಾನುವಾರ: ಡೆ ಮಾಯ್ನ್, ಕೌನ್ಸಿಲ್ ಬ್ಲಫ್ಸ್

ದಕ್ಷಿಣಕ್ಕೆ ಇಳಿದು ಡೆ ಮಾಯ್ನ್ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. 1894ರಲ್ಲಿ ಇದೇ ಊರಿಗೆ ಕೆಲಸ ಕಳೆದುಕೊಂಡ ಸಾವಿರಕ್ಕೂ ಮೀರಿದ ಜನರ ದಂಡು ಬಂದಿತ್ತು. ಕೆಲ್ಲಿ ಎಂಬವನ ನಾಯಕತ್ವದಲ್ಲಿ ವಾಷಿಂಗ್ಟನ್ನಿಗೆ ಹೊರಟ ನಿರುದ್ಯೋಗಿಗಳು. ರೈಲು ಕಂಪನಿಗಳು ಹತ್ತಿಸಿಕೊಳ್ಳಲಿಲ್ಲ. ಇಷ್ಟು ಜನಕ್ಕೆ ದಿನವೂ ಊಟ ಹಾಕಿ ಸುಸ್ತಾದ ಊರಿನವರು ಮರದ ಹಲಗೆ ಕೊಡಿಸಿ, ಚಪ್ಪಟೆ ದೋಣಿಗಳನ್ನು ಕಟ್ಟಿಸಿ ನದಿಯಲ್ಲೇ ಕಳಿಸಿಕೊಟ್ಟರು. ಆ ದೋಣಿಗಳಲ್ಲಿದ್ದ ಹದಿನೆಂಟರ ಹುಡುಗ ಮುಂದೆ ಕಾದಂಬರಿಕಾರನಾದ ಜ್ಯಾಕ್ ಲಂಡನ್.

ಅವನು ಹ್ಯಾನಿಬಲ್‌ನಲ್ಲಿ ದಂಡು ಬಿಟ್ಟ. ಪೂರ್ವಕ್ಕೆ ಹೋಗಿ ನಯಾಗರಾದಲ್ಲಿ ಅಲೆಮಾರಿತನದ ಆರೋಪದ ಮೇಲೆ ಸಿಕ್ಕಿಬಿದ್ದು ಮೂವತ್ತು ದಿನ ಜೈಲಿನಲ್ಲಿದ್ದ. ಆಮೇಲೆ ಕೆನಡಾದ ಹಳಿಗಳ ಮೇಲೆ ಮನೆಯ ಕಡೆ ಹೊರಟ. ಮಾಂಟ್ರಿಯಲ್‌ನ ನೀರಿನ ಟ್ಯಾಂಕಿನ ಮೇಲೆ ಚಾಕುವಿನಿಂದ ಕೆತ್ತಿದ 'ಸ್ಕೈಸೇಲ್ ಜ್ಯಾಕ್' ಎಂಬ ಹೆಸರು ಕಂಡಿತು. ಜೊತೆಗೆ ತಾರೀಖು, ಪಶ್ಚಿಮಕ್ಕೆ ಹೊರಟಿದ್ದೇನೆ ಎಂಬ ಅಕ್ಷರ. ಲಂಡನ್‌ನ ಹಳಿಯ ಹೆಸರು 'ಸೇಲರ್ ಜ್ಯಾಕ್'. ಅವನೂ ಪಕ್ಕದಲ್ಲಿ ತನ್ನ ಹೆಸರು, ತಾರೀಖು ಕೆತ್ತಿ ಬೆನ್ನು ಹತ್ತಿದ. ಸಾವಿರಾರು ಮೈಲಿ, ಟ್ಯಾಂಕಿನಿಂದ ಟ್ಯಾಂಕಿಗೆ. ಒಮ್ಮೆ ಅವನು ಮುಂದೆ, ಒಮ್ಮೆ ಇವನು ಮುಂದೆ. ಇಬ್ಬರೂ ಒಬ್ಬರ ಗುರುತನ್ನು ಒಬ್ಬರು ಓದುತ್ತ ಖಂಡವನ್ನೇ ದಾಟಿದರು, ಮುಖ ಮಾತ್ರ ನೋಡಲಿಲ್ಲ.

ನನ್ನನ್ನು ಈ ಪ್ರವಾಸಕ್ಕೆ ಎಳೆದದ್ದು ಈ ಪ್ರಸಂಗ. ಬೆಕ್ಕು, ಬೇಡಿಯ ಚಿತ್ರಗಳು ಚಂದ, ಆದರೆ ಅವು ಮನೆಯವರ ಬಗ್ಗೆ, ಪೊಲೀಸರ ಬಗ್ಗೆ ಹೇಳುತ್ತವೆ. ಹೆಸರು ಬರೆದವನು ತನ್ನ ಬಗ್ಗೆ ಹೇಳುತ್ತಾನೆ: ನಾನಿದ್ದೇನೆ, ಇಂಥ ದಿನ ಇಲ್ಲಿದ್ದೆ, ಆ ಕಡೆ ಹೋದೆ. ಮನೆ ವಿಳಾಸವಿಲ್ಲದವನಿಗೆ ಅದೇ ವಿಳಾಸ. ಹಿಂದೆ ಬರುವ ಗೆಳೆಯ ಅದನ್ನು ನೋಡಿ ಮುಂದಿನ ಊರಲ್ಲಿ ಹುಡುಕಬಹುದಿತ್ತು.

ನೀರಿನ ಟ್ಯಾಂಕೇ ಯಾಕೆ ಎಂದು ಅಪ್ಪನಿಗೆ ವಿವರಿಸಬೇಕಾಗಲಿಲ್ಲ. ಅವರು ನೌಕರಿಗೆ ಸೇರಿದಾಗ ಮೀಟರ್‌ಗೇಜಿನಲ್ಲಿ ವೈ.ಪಿ. ಉಗಿ ಇಂಜಿನ್ನುಗಳಿದ್ದವು. "ಗಾಡಿ ನೀರಿಗೆ ನಿಂತs ನಿಲ್ತಿತ್ತು. ನಿಂತಲ್ಲೇ ಹತ್ತಬೇಕು, ನಿಂತಲ್ಲೇ ಇಳೀಬೇಕು. ಅಲ್ಲೇ ಕೂತು ಕಾಯಬೇಕಲ್ಲ, ಕೈಗೆ ಬ್ಯಾರೆ ಕೆಲಸೇನೈತಿ." ಹತ್ತುವವರೂ ಇಳಿಯುವವರೂ ಸೇರುತ್ತಿದ್ದ ಜಾಗ ಅದು, ಹಾಗಾಗಿ ಟ್ಯಾಂಕೇ ಹಾಜರಿ ಪುಸ್ತಕವಾಯಿತು. ಡೀಸೆಲ್ ಇಂಜಿನ್ ಬಂದ ಮೇಲೆ ನೀರಿನ ಕೆಲಸ ಮುಗಿಯಿತು, ಟ್ಯಾಂಕುಗಳನ್ನು ಕೆಡವಿದರು. ಅವುಗಳ ಮೇಲಿದ್ದ ಹೆಸರುಗಳೂ ಸೌದೆಯ ಜೊತೆ ಹೋದವು. ಉಳಿದದ್ದು ಮಳೆ ಬಿಸಿಲು ತಾಗದ ಸೇತುವೆಗಳ ಕೆಳಗೆ. ಲಾಸ್ ಏಂಜಲಿಸ್ ನದಿಯ ಒಂದು ಸೇತುವೆಯಡಿ 1914ರ ತಾರೀಖಿನ 'ಎ ನಂ. 1' ಎಂಬ ಬರಹ ಸಿಕ್ಕಿದೆ. ಸಂಕೇತಗಳನ್ನು ಜಗತ್ತಿಗೆ ಹೇಳಿದವನ ಹೆಸರಿನಲ್ಲೇ ಇರುವ ಆ ಗುರುತಿನಲ್ಲಿ ಬೆಕ್ಕಿಲ್ಲ, ತ್ರಿಕೋನವಿಲ್ಲ. ಹೆಸರು, ತಾರೀಖು, ಬಾಣ.

ರಾತ್ರಿ ಕೌನ್ಸಿಲ್ ಬ್ಲಫ್ಸ್‌ನಲ್ಲಿ ತಂಗಿದೆವು. ಲಂಡನ್ ಆ ದಂಡನ್ನು ಸೇರಿಕೊಂಡದ್ದು ಈ ಆಸುಪಾಸಿನಲ್ಲೇ.

ಸೋಮವಾರ: ನಾರ್ತ್ ಪ್ಲಾಟ್, ನೆಬ್ರಾಸ್ಕಾ

ದಿನವಿಡೀ ಪ್ಲಾಟ್ ನದಿಯ ಜೊತೆಗೇ ಪಶ್ಚಿಮಕ್ಕೆ. ಹಿಂದೆ ಪಶ್ಚಿಮಕ್ಕೆ ವಲಸೆ ಹೊರಟವರ ಎತ್ತಿನ ಗಾಡಿಗಳು ಹೋದದ್ದು ಇದೇ ಕಣಿವೆಯಲ್ಲಿ, ಯೂನಿಯನ್ ಪೆಸಿಫಿಕ್ ರೈಲು ಕಂಪನಿ ಹಳಿ ಹಾಕಿದ್ದೂ ಇಲ್ಲೇ, ನಾವು ಹೋದ ಹೆದ್ದಾರಿಯೂ ಇಲ್ಲೇ.

ನಾರ್ತ್ ಪ್ಲಾಟ್‌ನ ಬೇಯ್ಲಿ ಯಾರ್ಡ್ ಜಗತ್ತಿನ ಅತಿ ದೊಡ್ಡ ರೈಲು ಯಾರ್ಡ್: 2,850 ಎಕರೆ, ಎಂಟು ಮೈಲಿ ಉದ್ದ. ಗೋಲ್ಡನ್ ಸ್ಪೈಕ್ ಟವರ್ ಹತ್ತಿ ಮೇಲಿನಿಂದ ನೋಡಿದರೆ ಕಣ್ಣು ಹಾಯಿಸಿದಷ್ಟೂ ವ್ಯಾಗನ್. ಹಂಪ್ ಎಂಬ ದಿಬ್ಬದ ಮೇಲೆ ತಳ್ಳಿದ ವ್ಯಾಗನ್ನುಗಳು ಒಂದೊಂದಾಗಿ ತಾವೇ ಜಾರಿ ತಮ್ಮ ತಮ್ಮ ಹಳಿ ಸೇರುತ್ತಿದ್ದವು. ಅಪ್ಪ ಕಿಟಕಿ ಬಿಟ್ಟು ಕದಲಲಿಲ್ಲ. ಮುಚ್ಚುವ ಹೊತ್ತಾಯಿತೆಂದು ಸಿಬ್ಬಂದಿ ಬಂದು ಹೇಳಿದ ಮೇಲೆಯೇ ಇಳಿದದ್ದು.

ನಾನು ನೋಡಬೇಕೆಂದಿದ್ದದ್ದು ಟವರಿನಿಂದ ಕಾಣುವಂಥದ್ದಲ್ಲ. ಊರ ಹೊರಗೆ ಗೇಟು ಬಿದ್ದ ಲೆವೆಲ್ ಕ್ರಾಸಿಂಗಿನಲ್ಲಿ ಅದು ಸಿಕ್ಕಿತು. ಗಾಡಿ ನಿಧಾನವಾಗಿ ಸಾಗುತ್ತಿತ್ತು. ವ್ಯಾಗನ್ನುಗಳ ಮೇಲೆ ಸ್ಪ್ರೇ ಬಣ್ಣದ ದೊಡ್ಡ ದೊಡ್ಡ ಅಕ್ಷರಗಳು. ಅವುಗಳ ಪಕ್ಕ, ನೆಲದಲ್ಲಿ ನಿಂತವನ ಕೈಗೆ ಸರಿಯಾಗಿ ಎಟುಕುವ ಎತ್ತರದಲ್ಲಿ, ಬಿಳಿ ಗೆರೆಯಲ್ಲಿ ಎಳೆದ ಅಂಗೈಯಗಲದ ಚಿತ್ರಗಳು. ಒಂದರಲ್ಲಿ ಟೋಪಿ ಹಾಕಿದ ತಲೆ, ಕೆಳಗೆ ಒಂದು ಸಾಲು, ತಾರೀಖು. ಇಂಥವನ್ನು ಮಾನಿಕರ್ ಎನ್ನುತ್ತಾರೆ. ಎಣ್ಣೆ ಬೆರೆತ ಬಣ್ಣದ ಕಡ್ಡಿಯಲ್ಲಿ ಗೀಚಿದ್ದು ವರ್ಷಗಟ್ಟಲೆ ಉಳಿಯುತ್ತದೆ.

ಬರೆದವರು ಹೋಬೋಗಳಷ್ಟೇ ಅಲ್ಲ, ರೈಲ್ವೆ ನೌಕರರೇ ಬಹಳ. ಮಿಸೌರಿ ಪೆಸಿಫಿಕ್ ನೌಕರ ಜೆ. ಎಚ್. ಮೆಕಿನ್ಲಿ ಟೆಕ್ಸಸ್‌ನಲ್ಲಿ ದಶಕಗಳ ಕಾಲ 'ಬೋಜೋ ಟೆಕ್ಸಿನೋ' ಎಂಬ ಮುಖ ಬರೆದ. ಅದರ ಟೋಪಿಯ ಅಂಚು ಅಡ್ಡ ಮಲಗಿದ 8ರ ಆಕಾರ. ಅರ್ಕನ್ಸಾದ ರಸೆಲ್ ಬಟ್ಲರ್ 1971ರ ಸುಮಾರಿನಿಂದ ಪೈಪ್ ಸೇದುವ ಕೌಬಾಯ್ ಬರೆದು ಕೆಳಗೆ ಆ ಹೊತ್ತಿಗೆ ಹೊಳೆದ ಒಂದು ನುಡಿ ಸೇರಿಸುತ್ತಿದ್ದ. ಯಾರ್ಡಿನಲ್ಲಿ ನಿಂತ ಮನುಷ್ಯ ಎಲ್ಲೂ ಹೋಗುವುದಿಲ್ಲ, ಅವನ ಚಿತ್ರ ಮೆಕ್ಸಿಕೋ ಗಡಿಯಿಂದ ಕೆನಡಾವರೆಗೆ ತಿರುಗಿ ಬರುತ್ತದೆ.

"ನಮ್ಮಲ್ಲೂ ಸೀಮೆಸುಣ್ಣದಿಂದ ಬರೀತಿದ್ವಿ," ಎಂದರು ಅಪ್ಪ. "ಯಾವ ಊರಿಗೆ ಹೋಗೋ ವ್ಯಾಗನ್ನು, ಯಾವುದು ಸಿಕ್ ಆಗೈತಿ, ಅಷ್ಟ."

"ನೀವು ಹೆಸರೇನಾದ್ರೂ ಬರೆದಿದ್ರೇನಪ್ಪಾ?"

ಗೇಟು ಏಳುವ ತನಕ ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಿನ್ನ ಹೆಸರು ಬರದಿದ್ದೆ. ನೀ ಹುಟ್ಟಿದ ವಾರ. ಕ್ಯಾಸಲ್‌ರಾಕ್ ಕಡೆ ಹೊಂಟಿದ್ದ ಗಾಡಿ. ಒಳಗಿನ ಬಾಗಿಲ ಮ್ಯಾಲ, ಯಾರಿಗೂ ಕಾಣದಂಗ." ಇದನ್ನು ಅವರು ಈ ಮುಂಚೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ ಎಂದು ರಾತ್ರಿ ಫೋನಿನಲ್ಲಿ ತಿಳಿಯಿತು.

ಮಂಗಳವಾರ: ರಿಜಿಸ್ಟರ್ ಕ್ಲಿಫ್, ವೈಯೋಮಿಂಗ್

ಚಿಮ್ನಿ ರಾಕ್ ದೂರದಿಂದಲೇ ನೋಡಿ, ಗರ್ನ್‌ಸಿ ಊರು ಮುಟ್ಟಿದಾಗ ನಾಲ್ಕು ಗಂಟೆ. ಮೊದಲು ಗಾಡಿ ಜಾಡಿಗೆ ಹೋದೆವು. ಆರಿಗನ್ ಹಾದಿಯಲ್ಲಿ 1840ರಿಂದ 1860ರ ದಶಕದವರೆಗೆ ಕುಟುಂಬ ಸಮೇತ ಪಶ್ಚಿಮಕ್ಕೆ ಹೊರಟವರು ಲಕ್ಷಗಟ್ಟಲೆ. ಅವರ ಗಾಡಿ ಚಕ್ರಗಳು ಇಲ್ಲಿನ ಮರಳುಗಲ್ಲನ್ನು ಐದು ಅಡಿ ಆಳದವರೆಗೆ ಸವೆಸಿವೆ. ಒಳಗೆ ಇಳಿದು ನಿಂತರೆ ಅಪ್ಪನ ಎದೆಯವರೆಗೆ ಗೋಡೆ.

ಅಲ್ಲಿಂದ ಸ್ವಲ್ಪ ದೂರದಲ್ಲಿ, ನಾರ್ತ್ ಪ್ಲಾಟ್ ನದಿಯ ಬಯಲಿಗೆ ಮುಖ ಮಾಡಿದ ಕಡಿದಾದ ಬಂಡೆಗೋಡೆ ರಿಜಿಸ್ಟರ್ ಕ್ಲಿಫ್. ಫೋರ್ಟ್ ಲ್ಯಾರಮಿಯಿಂದ ಗಾಡಿಯಲ್ಲಿ ಒಂದು ದಿನದ ದಾರಿ. ಹುಲ್ಲು, ನೀರು ಎರಡೂ ಸಿಗುವ ಕಾರಣ ರಾತ್ರಿ ಇಲ್ಲೇ ಬೀಡು. ಕಲ್ಲು ಮೆದು, ಚಾಕು ಸಾಕು. ಮೇಲೆ ಹಕ್ಕಿಗಳ ಮಣ್ಣಿನ ಗೂಡುಗಳು. ಮುಖ್ಯ ಭಾಗಕ್ಕೆ ಕಬ್ಬಿಣದ ಬೇಲಿ ಹಾಕಿದ್ದಾರೆ, ಏಕೆಂದರೆ ಇತ್ತೀಚಿನವರೂ ತಮ್ಮ ಹೆಸರು ಕೆತ್ತಿ ಹಳೆಯದನ್ನು ಹಾಳು ಮಾಡಿದ್ದಾರೆ. ನೂರೈವತ್ತು ವರ್ಷ ಗಾಳಿಯನ್ನು ತಡೆದು ನಿಂತ ಅಕ್ಷರದ ಮೇಲೆ ಇನ್ನೊಬ್ಬ ತನ್ನ ಪ್ರೇಮದ ಗುರುತು ಕೊರೆದದ್ದನ್ನು ನೋಡಿದರೆ ಸಿಟ್ಟು ಬರುತ್ತದೆ.

ನಾವು ಹುಡುಕಿಕೊಂಡು ಹೋದ ಹೆಸರು ಒಂದೇ ಜಾಗದಲ್ಲಿ ಮೂರು ಸಲ ಇದೆ. 'ಎ. ಎಚ್. ಅನ್‌ಥ್ಯಾಂಕ್ 1850'. ಕೆಳಗೆ 'ಓ. ಎನ್. ಅನ್‌ಥ್ಯಾಂಕ್ 1869'. ಅದರ ಕೆಳಗೆ 'ಓ. ಬಿ. ಅನ್‌ಥ್ಯಾಂಕ್ 1931'. ಮೊದಲನೆಯವನು ಆಲ್ವಾ, ಇಂಡಿಯಾನಾದವನು, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಕ್ಯಾಲಿಫೋರ್ನಿಯಾದ ಚಿನ್ನಕ್ಕೆಂದು ಹೊರಟಿದ್ದ. 1850ರ ಜೂನ್ 23ರಂದು ಇಲ್ಲಿ ಹೆಸರು ಕೆತ್ತಿದ. ಅಕ್ಷರಗಳು ನೇರವಾಗಿವೆ, ಅವಸರ ಕಾಣುವುದಿಲ್ಲ. ಜುಲೈ 2ರಂದು ಕಾಲರಾದಿಂದ ತೀರಿಕೊಂಡ. ಆ ವರ್ಷಗಳಲ್ಲಿ ಪ್ಲಾಟ್ ನದಿಯುದ್ದಕ್ಕೂ ಕಾಲರಾ ಹಬ್ಬಿತ್ತು. ಒಂದೇ ದಂಡೆ, ಒಂದೇ ನೀರು, ಸಾವಿರಾರು ಜನ.

ಹತ್ತೊಂಬತ್ತು ವರ್ಷದ ನಂತರ ಅದೇ ಮನೆತನದವನು ಬಂದು ಆ ಹೆಸರಿನ ಅಡಿಯಲ್ಲಿ ತನ್ನದನ್ನು ಕೆತ್ತಿದ. 1869ರ ಮೇ 10ರಂದು ಯೂಟಾದಲ್ಲಿ ಪೂರ್ವ ಪಶ್ಚಿಮದ ಹಳಿಗಳು ಕೂಡಿದ ವರ್ಷ ಅದು. ಎತ್ತಿನ ಗಾಡಿಯ ಹಾದಿ ಮುಗಿಯುತ್ತ ಬಂದು, ಹೋಬೋಗಳ ಹಾದಿ ಶುರುವಾದ ವರ್ಷ ಎಂದರೂ ಸಲ್ಲುತ್ತದೆ. ಇಂಥ ಸಾಲನ್ನು ನಾನು ಬೇರೆಲ್ಲೂ ನೋಡಿಲ್ಲ. ಅಪ್ಪ ಬೇಲಿಗೆ ಹಣೆ ತಾಗಿಸಿ ಮೂರನ್ನೂ ಗಟ್ಟಿಯಾಗಿ ಓದಿದರು, ಪ್ರತಿ ಅಂಕಿಯನ್ನೂ ಬಿಡಿಸಿ.

ಬುಧವಾರ: ಗ್ಲೆನ್‌ರಾಕ್, ಇಂಡಿಪೆಂಡೆನ್ಸ್ ರಾಕ್

ಕ್ಯಾಸ್ಪರ್ ಕಡೆ ಹೋಗುವಾಗ ಗ್ಲೆನ್‌ರಾಕ್ ಸಮೀಪ, ವಿದ್ಯುತ್ ಸ್ಥಾವರದ ಹತ್ತಿರ, ಆಲ್ವಾನ ಸಮಾಧಿ ಇದೆ. ಜೊತೆಗಿದ್ದವರು ಕಲ್ಲಿನಲ್ಲಿ ಹೆಸರು, ಊರು, ತೀರಿದ ದಿನ ಕೆತ್ತಿ ನಿಲ್ಲಿಸಿ ಮುಂದೆ ಹೋದರು. ಆ ಹಾದಿಯಲ್ಲಿ ಸತ್ತವರಲ್ಲಿ ಬಹುತೇಕರಿಗೆ ಗುರುತೇ ಇಲ್ಲ. ಇವನಿಗೆ ಎರಡು ಕಲ್ಲು: ಒಂದು ತಾನೇ ಬರೆದದ್ದು, ಒಂದು ಬೇರೆಯವರು ಬರೆದದ್ದು.

ಕ್ಯಾಸ್ಪರ್‌ನಿಂದ ನೈರುತ್ಯಕ್ಕೆ ಒಂದು ತಾಸು. ಬಟ್ಟ ಬಯಲಿನಲ್ಲಿ ಸ್ವೀಟ್‌ವಾಟರ್ ಹೊಳೆಯ ಪಕ್ಕ ಇಂಡಿಪೆಂಡೆನ್ಸ್ ರಾಕ್ ಮಲಗಿದ ಆನೆಯಂತೆ ಕಾಣುತ್ತದೆ. ಗ್ರಾನೈಟ್, 130 ಅಡಿ ಎತ್ತರ, ಸುತ್ತಳತೆ ಒಂದು ಮೈಲಿಗೂ ಹೆಚ್ಚು. ಜುಲೈ 4ರ ಸ್ವಾತಂತ್ರ್ಯ ದಿನದೊಳಗೆ ಇಲ್ಲಿ ಮುಟ್ಟಿದರೆ ಹಿಮ ಬೀಳುವ ಮುಂಚೆ ಬೆಟ್ಟ ದಾಟಬಹುದು ಎಂಬುದು ಗಾಡಿಯವರ ಲೆಕ್ಕ. ಬೆಲ್ಜಿಯಂನ ಪಾದ್ರಿ ಡಿ ಸ್ಮೆಟ್ 1840ರಲ್ಲೇ ಇದನ್ನು ಮರುಭೂಮಿಯ ಮಹಾ ರಿಜಿಸ್ಟರ್ ಎಂದು ಕರೆದ. ಗ್ರಾನೈಟ್ ಕೊರೆಯುವುದು ಸುಲಭವಲ್ಲ. ಬಹಳ ಮಂದಿ ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ, ಡಾಂಬರಿನಲ್ಲಿ ಬರೆದರು, ಅವು ತೊಳೆದುಹೋದವು. ದುಡ್ಡು ತೆಗೆದುಕೊಂಡು ಹೆಸರು ಕೆತ್ತಿಕೊಡುವ ಕಲ್ಲುಕುಟಿಗರೂ ಇಲ್ಲಿ ಇದ್ದರು. ಕೆಲವು ಹೆಸರುಗಳು ಅಚ್ಚುಹಾಕಿದಷ್ಟು ಚೊಕ್ಕವಾಗಿರುವುದು ಅದಕ್ಕೇ.

ಅಪ್ಪ ಬುಡದಲ್ಲಿ ಸುತ್ತು ಹಾಕಿದರು, ನಾನು ಮೇಲೆ ಹತ್ತಿದೆ. ಹಸಿರು, ಕಿತ್ತಳೆ ಬಣ್ಣದ ಕಲ್ಲುಹೂವು ಅಕ್ಷರಗಳ ಒಳಗೆ ಬೆಳೆದು ಅರ್ಧ ಹೆಸರುಗಳನ್ನು ನುಂಗಿದೆ. ಇಳಿದು ಬಂದಾಗ ಅಪ್ಪ ನೆರಳಿನಲ್ಲಿ ಕೂತಿದ್ದರು.

"ನಮ್ಮ ರನ್ನನೂ ಹಿಂಗ ಬರದಾನಲ್ಲೋ, ಬೆಳಗೊಳದ ಚಿಕ್ಕಬೆಟ್ಟದಾಗ."

ಅಪ್ಪನ ಹುಟ್ಟೂರು ಮುಧೋಳದ ಹತ್ತಿರ, ರನ್ನನ ಊರೂ ಮುಧೋಳವೇ. ಬಳೆಗಾರರ ಮನೆಯ ಹುಡುಗ ಉತ್ತರದ ಆ ಊರಿನಿಂದ ಹತ್ತನೇ ಶತಮಾನದಲ್ಲಿ ಶ್ರವಣಬೆಳಗೊಳದವರೆಗೆ ಹೋದ. ಚಂದ್ರಗಿರಿಯ ಬಂಡೆಯ ಮೇಲೆ 'ಕವಿರತ್ನ' ಎಂಬ ಬರಹವಿದೆ, ಅದು ರನ್ನನದೇ ಹಸ್ತಾಕ್ಷರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಬೆಟ್ಟದ ಶಾಸನಗಳಲ್ಲಿ ಬರೀ ಯಾತ್ರಿಕರ ಹೆಸರುಗಳೇ ಇರುವವೂ ಎಷ್ಟೋ. ದಾನವಿಲ್ಲ, ದತ್ತಿಯಿಲ್ಲ, ಬಂದಿದ್ದೆ ಎಂಬುದಷ್ಟೇ.

"ಬಾಣ ಎಲ್ಲಿ?" ಎಂದು ಅಪ್ಪ ಕೇಳಿದರು. ನಾನೂ ನೋಡಿದೆ. ಈ ಬಂಡೆಯ ಮೇಲಾಗಲಿ, ನಿನ್ನೆಯ ಗೋಡೆಯ ಮೇಲಾಗಲಿ ನಮಗೆ ಬಾಣ ಕಂಡಿರಲಿಲ್ಲ. ಬೇಕೂ ಇರಲಿಲ್ಲ, ಹೆಚ್ಚುಕಡಿಮೆ ಎಲ್ಲರೂ ಹೊರಟದ್ದು ಒಂದೇ ದಿಕ್ಕಿಗೆ. ಕೂಲಿ ಇದ್ದ ಕಡೆ ತಿರುಗುವ ಹೋಬೋಗೆ ಮಾತ್ರ ದಿಕ್ಕು ಬರೆಯುವ ಅಗತ್ಯ ಬಿತ್ತು.

ನೀವು ಹೋಗುವುದಾದರೆ: ಬ್ರಿಟ್ ಸಮ್ಮೇಳನದ ದಿನಗಳಲ್ಲಿ ಊರೊಳಗೆ ರೂಮು ಸಿಗುವುದು ಕಷ್ಟ, ಮೇಸನ್ ಸಿಟಿ ಕಡೆ ಹುಡುಕಿ. ರಿಜಿಸ್ಟರ್ ಕ್ಲಿಫ್‌ನಲ್ಲಿ ಇಳಿಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಎದ್ದು ಕಾಣುತ್ತವೆ. ಇಂಡಿಪೆಂಡೆನ್ಸ್ ರಾಕ್‌ಗೆ ಹೊರಡುವ ಮುಂಚೆ ಕ್ಯಾಸ್ಪರ್‌ನಲ್ಲೇ ಪೆಟ್ರೋಲ್ ಹಾಕಿಸಿ, ಊಟ ಕಟ್ಟಿಸಿಕೊಳ್ಳಿ. ಬಂಡೆ ಹತ್ತುವವರಿಗೆ ಹಿಡಿತವಿರುವ ಬೂಟು ಬೇಕು, ಗಾಳಿ ಜೋರಾಗಿರುತ್ತದೆ.